ನಾನೇ ಇಳಿಸಿದ ತಂತಿ

"ನಿಲ್ಲಿಸೋದಿಲ್ಲ."

ಬಾಗಿಲು ಪೂರ್ತಿ ತೆರೆಯುವ ಮೊದಲೇ ಅವಳು ಹೇಳಿಬಿಟ್ಟಳು. ತೊಡೆಯ ಮೇಲೆ ಗಿಟಾರ್, ಎಡಗೈ ಕಿರುಬೆರಳಿಗೆ ತೊಟ್ಟ ಗಾಜಿನ ಕೊಳವೆ, ಮುಖದಲ್ಲಿ ಜಗಳಕ್ಕೆ ಸಿದ್ಧವಾದ ಕಳೆ.

ಹೊಸ್ತಿಲಲ್ಲಿ ನಿಂತವನು ಇನ್ನೂ ತುಟಿ ಬಿಚ್ಚಿರಲಿಲ್ಲ. ನಲವತ್ತರ ಆಸುಪಾಸು, ಮೊಣಕೈವರೆಗೆ ಮಡಚಿದ ಅಂಗಿ, ಕೈಯಲ್ಲಿ ಪಿಯಾನೋದ ಗೂಟ ತಿರುಗಿಸುವ ಉದ್ದ ಹಿಡಿಯ ಕೀಲಿ.

"ನಾನು ಕೆಳಗೆ ಮೇಷ್ಟ್ರ ಪಿಯಾನೋ ಶ್ರುತಿ ಮಾಡ್ತಿದೀನಿ. ಸ್ವಲ್ಪ ಹೊತ್ತು ನೀವು..."

"ಗೊತ್ತು. ಅಪ್ಪ ಕಳಿಸಿರ್ತಾರೆ. ಮೂವತ್ತಾರು ವರ್ಷದ ಮಗಳಿಗೆ ಸುಮ್ನಿರು ಅಂತ ಹೇಳೋಕೂ ಅವರು ಮಹಡಿ ಹತ್ತಲ್ಲ. ವಾರಕ್ಕೆ ಒಂದು ರಜೆ ನನಗೆ. ನಿಲ್ಲಿಸೋದಿಲ್ಲ."

ಅವನು ತಲೆಯಾಡಿಸಿದ. ಅಷ್ಟಕ್ಕೇ ಹೋಗಬಹುದಿತ್ತು, ಹೋಗಲಿಲ್ಲ.

"ನಿಮ್ಮ ಮೂರನೇ ತಂತಿ ಇಳಿದಿದೆ," ಎಂದ.

"ಇಳಿದಿಲ್ಲ. ನಾನೇ ಇಳಿಸಿದ್ದು."

"ಬೇರೆಯವನ್ನೂ ಇಳಿಸಿದೀರಿ, ಅದು ತಿಳೀತು. ಬೆರಳೇ ಒತ್ತದೆ ಮೀಟಿದ್ರೂ ಸ್ವರ ಕೂಡೋ ಹಾಗೆ ಕಟ್ಟಿದೀರಿ. ಆದ್ರೆ ಮೂರನೇದು ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಕೆಳಗಿದೆ."

"ಇರಬೇಕಾದ್ದು ಅಂತ ಯಾರು ಹೇಳಿದ್ದು?"

ಅವಳು ಆ ತಂತಿಯನ್ನು ಅವನು ಹೇಳಿದಷ್ಟು ಏರಿಸಿ ಆರೂ ತಂತಿಗಳನ್ನು ಒಟ್ಟಿಗೆ ಮೀಟಿದಳು. ನಾದದೊಳಗೆ ಸಣ್ಣದೊಂದು ನಡುಕ. "ಕೇಳಿಸ್ತಾ?" ಮತ್ತೆ ಇಳಿಸಿದಳು. ಮೀಟಿದಳು. ನಡುಕ ನಿಂತಿತು. ನಾದ ಕೋಣೆಯ ತುಂಬ ನೀರು ನಿಂತ ಹಾಗೆ ನಿಂತಿತು.

ಅವನು ಕಣ್ಣು ಮುಚ್ಚಿಕೊಂಡ.

"ಪಿಯಾನೋದಲ್ಲಿ ಆ ನಡುಕ ಪೂರ್ತಿ ತೆಗೆಯೋಕಾಗಲ್ಲ," ಎಂದ. "ಎಲ್ಲ ಸ್ವರಕ್ಕೂ ಸ್ವಲ್ಪ ಸ್ವಲ್ಪ ಸುಳ್ಳು ಹಂಚಬೇಕು. ಆಗ್ಲೇ ಎಲ್ಲ ಹಾಡೂ ನಡೆಯೋದು. ನನ್ನ ಕೆಲಸವೇ ಅದು."

"ನನ್ನ ಕೆಲಸ ಅದಲ್ಲ. ನನಗೆ ಇದು ಕೆಲಸವೇ ಅಲ್ಲ."

ಅವನು ಇಳಿದುಹೋದ. ಬಹಳ ಹೊತ್ತು ಕೆಳಗಿನಿಂದ ಪಿಯಾನೋದ ಒಂದೇ ಸ್ವರ ಮತ್ತೆ ಮತ್ತೆ ಕೇಳಿಸಿತು. ಕೊನೆಗೆ ಸೋದರತ್ತೆ ಏದುಸಿರು ಬಿಡುತ್ತ ಮೇಲೆ ಬಂದಳು.

"ಏನು ಮಾಡ್ದೆ ಅವನಿಗೆ? ಪಿಯಾನೋದ ಒಂದೇ ಮನೆ ಒತ್ತಿ ಒತ್ತಿ ಗೋಡೆ ನೋಡ್ತಾ ಕೂತಿದಾನೆ. ನಿಮ್ಮಪ್ಪನ ಹಳೇ ಶಿಷ್ಯ, ಮೊದಲೇ ಮಾತು ಕಮ್ಮಿ, ಈಗ ಬುದ್ಧಿಯೂ ಕೆಟ್ಟರೆ ನಿಮ್ಮಪ್ಪ ನನ್ನ ಬೈತಾನೆ."

ಅವಳಿಗೆ ನಗು ಬಂತು. ಆ ಕೋಣೆಯಲ್ಲಿ ಅವಳು ನಕ್ಕು ಎಷ್ಟೋ ಕಾಲವಾಗಿತ್ತು.

ಅಪ್ಪನನ್ನು ಊರೆಲ್ಲ ಮೇಷ್ಟ್ರು ಎನ್ನುತ್ತಿತ್ತು. ಮುಂದಿನ ಕೋಣೆಯ ಆ ಪಿಯಾನೋದ ಮೇಲೆ ಅವರು ಕಲಿಸಿದ ಮಕ್ಕಳೆಲ್ಲ ಬೆಳೆದು ದೊಡ್ಡವರಾಗಿದ್ದರು. ಕಲಿಯದೆ ಉಳಿದವಳು ಮಗಳೊಬ್ಬಳೇ. ಅವಳಿಗೆ ಒಂಬತ್ತಾಗಿದ್ದಾಗ, ತರಗತಿಯೆಲ್ಲ ನೋಡುತ್ತಿರುವಾಗ, ಅಪ್ಪ ಪಿಯಾನೋದ ಮುಚ್ಚಳ ಹಾಕಿ ಹೇಳಿದ್ದರು: "ನಿನಗೆ ಕಿವಿ ಇಲ್ಲ. ಏಳು."

ಅವಳು ಎದ್ದಳು. ದೊಡ್ಡವಳಾದ ಮೇಲೆ ಗಾಜಿನ ಕಾರ್ಖಾನೆ ಸೇರಿದಳು. ಪ್ರಯೋಗಾಲಯಗಳಿಗೆ ಬೇಕಾಗುವ ಕೊಳವೆ, ಬುರುಡೆಗಳನ್ನು ಬೆಂಕಿಯಲ್ಲಿ ಬಾಗಿಸುವುದು, ಊದುವುದು ಅವಳ ಕಸುಬಾಯಿತು. ಒಂದು ದಿನ ಕತ್ತರಿಸಿ ಉಳಿದ ದಪ್ಪ ಕೊಳವೆಯ ತುಂಡಿನ ಅಂಚನ್ನು ಬೆಂಕಿಗೆ ಹಿಡಿದು ನುಣುಪಾಗಿಸಿ ಬೆರಳಿಗೆ ತೊಟ್ಟಳು. ಹಳೆಯ ಗಿಟಾರ್ ಒಂದನ್ನು ಮನೆಗೆ ತಂದಳು. ಗಾಜನ್ನು ತಂತಿಯ ಮೇಲೆ ಜಾರಿಸಿದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯೆಲ್ಲ ಕೇಳಿಸುತ್ತಿತ್ತು. ತಂತಿಗಳನ್ನು ಬೇಕಾದಂತೆ ಏರಿಸಿ ಇಳಿಸಿದರೆ ಪ್ರತಿಸಲ ಹೊಸದೊಂದು ವಾದ್ಯ ಸಿಗುತ್ತಿತ್ತು. ಅಲ್ಲಿ ತಪ್ಪು ಎಂದು ಹೇಳುವವರು ಯಾರೂ ಇರಲಿಲ್ಲ.

ಮುಂದಿನ ವಾರ ಶ್ರುತಿ ಮಾಡುವವನು, ಆ ಟ್ಯೂನರ್, ಮತ್ತೆ ಬಂದ. ಪಿಯಾನೋಗೆ ಏನೂ ಆಗಿರಲಿಲ್ಲ.

"ಮೇಷ್ಟ್ರ ಹತ್ರ ಏನೋ ನೆಪ ಹೇಳ್ದೆ," ಎಂದ, ಮಹಡಿಯ ಬಾಗಿಲಲ್ಲಿ ನಿಂತು. "ಮೂರನೇದನ್ನ ಇನ್ನೂ ಅರ್ಧ ಸ್ವರ ಇಳಿಸಿದ್ರೆ ಏನಾಗುತ್ತೆ?"

"ಅಳು ಬರುತ್ತೆ. ಒಳಗೆ ಬನ್ನಿ."

ಆಮೇಲೆ ವಾರಕ್ಕೊಂದು ಹೊಸ ಶ್ರುತಿ. ಎರಡು ತಂತಿ ಒಂದೇ ಸ್ವರಕ್ಕೆ ಕಟ್ಟಿ ನೋಡಿದರು. ಕೆಳಗಿನ ತಂತಿಯನ್ನು ಗುಡುಗುವಷ್ಟು ಸಡಿಲಿಸಿದರು. ಏರಿಸಲು ಹೋಗಿ ಒಂದು ತಂತಿ ಹರಿದು ಅವನ ಮೊಣಕೈಗೆ ಬಡಿದಾಗ ಅವಳು ಗಾಬರಿಯಾಗಿ ಅವನ ಕೈ ಹಿಡಿದಳು. ಬಿಡುವುದನ್ನು ಮರೆತಳು. ಅವನೂ ನೆನಪಿಸಲಿಲ್ಲ.

ಒಮ್ಮೆ ಅವನು ಕಾರ್ಖಾನೆಗೇ ಬಂದ. ಅವನಿಗೂ ಒಂದು ಗಾಜಿನ ಕೊಳವೆ ಮಾಡಿಕೊಡಲು ಅವಳು ನೀಲಿ ಕನ್ನಡಕ ಹಣೆಗೇರಿಸಿ, ಅಳತೆಯ ಇಕ್ಕಳದಲ್ಲಿ ಅವನ ಕಿರುಬೆರಳು ಹಿಡಿದು ನೋಡಿದಳು.

"ಅಲ್ಲಾಡ್ಬೇಡಿ. ಸಡಿಲ ಆದ್ರೆ ಬಿದ್ದು ಒಡೆಯುತ್ತೆ, ಬಿಗಿ ಆದ್ರೆ ಬೆರಳು ನೀಲಿಗಟ್ಟುತ್ತೆ."

"ಹಿಂದೆಂದೂ ಯಾರೂ ನನ್ನ ಅಳತೆ ತಗೊಂಡಿಲ್ಲ," ಎಂದ ಅವನು.

ಅವಳ ಕಿವಿ ಬಿಸಿಯಾಯಿತು. *ಬೆಂಕಿಯ ಹತ್ತಿರ ನಿಂತಿದೀನಲ್ಲ, ಅದಕ್ಕೇ...* ಎಂದುಕೊಂಡಳು. ಬೆಂಕಿ ಆರಿ ಬಹಳ ಹೊತ್ತಾಗಿತ್ತು.

ಹಳೆಯ ಶಿಷ್ಯರೆಲ್ಲ ಸೇರಿ ಮೇಷ್ಟ್ರ ಮನೆಯಲ್ಲಿ ಒಂದು ಸಂಜೆ ಕಳೆಯುವುದೆಂದು ಆ ತಿಂಗಳಲ್ಲೇ ತೀರ್ಮಾನವಾಯಿತು. ಊಟಕ್ಕೆ ಕೂತಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ ಹೇಳಿದರು:

"ಅವತ್ತು ನೀನೂ ಒಂದು ನುಡಿಸು."

ಅವಳು ಎತ್ತಿದ ತುತ್ತನ್ನು ಮತ್ತೆ ತಟ್ಟೆಗೇ ಇಳಿಸಿದಳು. ಅತ್ತೆ ಅಣ್ಣನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ," ಎಂದಳು.

ಶಿಷ್ಯರು ಸೇರುವ ದಿನ ಮಧ್ಯಾಹ್ನವೇ ಅವಳು ಗಿಟಾರನ್ನು ಶ್ರುತಿ ಮಾಡಿ ಪಿಯಾನೋದ ಪಕ್ಕ ಇಟ್ಟು, ಸ್ನಾನ ಮುಗಿಸಿ ಸಿದ್ಧಳಾಗಲು ಹೋದಳು. ಸಂಜೆ ಕೋಣೆಯ ತುಂಬ ಜನ. ಅವಳ ಸರದಿ ಬಂತು. ಕುರ್ಚಿಯಲ್ಲಿ ಕೂತು, ಗಾಜು ತೊಟ್ಟು, ಮೊದಲ ಸಲ ಮೀಟಿದಳು.

ಬೇರೆಯೇ ವಾದ್ಯ. ಅವಳು ಇಳಿಸಿದ್ದ ತಂತಿಗಳೆಲ್ಲ ಮಾಮೂಲಿ ಶ್ರುತಿಗೆ ಏರಿದ್ದವು. ಯಾರೋ ಕುಳಿತು, ಸಾವಧಾನವಾಗಿ, ಅಚ್ಚುಕಟ್ಟಾಗಿ ಅದನ್ನು ಸರಿ ಮಾಡಿದ್ದರು.

ಅವಳು ತಲೆಯೆತ್ತಿದಳು. ಪಿಯಾನೋದ ಪಕ್ಕ ಟ್ಯೂನರ್ ನಿಂತಿದ್ದ.

"ಇದನ್ನ ಯಾರು ಮುಟ್ಟಿದ್ದು?"

ಅವನು ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ತಮ್ಮ ಬೂಟು ನೋಡುತ್ತಿದ್ದರು.

"ನಾನೇ," ಎಂದ ಅವನು.

*ನೀನಾ... ಮೂರನೇ ತಂತಿ ಕೇಳಿ ಕಣ್ಣು ಮುಚ್ಚಿಕೊಂಡವನು?*

ಅವಳ ಕಣ್ಣು ತುಂಬಿತು. ಎದ್ದು ಹೋಗಬಹುದಿತ್ತು. ಒಂಬತ್ತರಲ್ಲಿ ಎದ್ದವಳು ಈಗ ಏಳಲಿಲ್ಲ. ಎಲ್ಲರ ಮುಂದೆ ಒಂದೊಂದೇ ಗೂಟ ತಿರುಗಿಸಿ ತಂತಿಗಳನ್ನು ಇಳಿಸತೊಡಗಿದಳು. ಯಾರೋ ಕೆಮ್ಮಿದರು. ಯಾರೋ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಅವಳು ಅವಸರ ಮಾಡಲಿಲ್ಲ. ಮೂರನೇ ತಂತಿಯನ್ನು ಕೂದಲೆಳೆಯಷ್ಟು ಇನ್ನೂ ಕೆಳಗೆ ಬಿಟ್ಟು, ಆಮೇಲೆ ನುಡಿಸಿದಳು.

ಅದ್ಭುತವಾಗೇನೂ ನುಡಿಸಲಿಲ್ಲ. ಕೈ ನಡುಗಿ ಗಾಜು ಎರಡು ಕಡೆ ತಂತಿಗೆ ಕಟಕಟ ಬಡಿಯಿತು. ನಡುವೆ ಒಮ್ಮೆ ದಾರಿ ತಪ್ಪಿ ಮತ್ತೆ ಹಿಡಿದಳು. ಮುಗಿದಾಗ ಅತ್ತೆ ಜೋರಾಗಿ ಚಪ್ಪಾಳೆ ತಟ್ಟಿದಳು, ಕೆಲವರು ಜೊತೆಗೂಡಿದರು, ಕೆಲವರು ಸುಮ್ಮನಿದ್ದರು.

"ಚೆನ್ನಾಗಿಲ್ಲದೇ ಇರಬಹುದು," ಎಂದಳು ಅವಳು ಎದ್ದು ನಿಂತು. "ಆದ್ರೆ ಇದು ತಪ್ಪಲ್ಲ."

ಬಾಗಿಲ ಬಳಿ ಟ್ಯೂನರ್ ಎದುರಾದ. "ಒಂದು ನಿಮಿಷ..."

"ನಮ್ಮ ಮನೆಗೆ ಪಿಯಾನೋ ನೋಡೋಕೆ ಬನ್ನಿ. ನನ್ನ ನೋಡೋಕೆ ಬರ್ಬೇಡಿ."

ವಾರ ಕಳೆಯಿತು. ಅವಳು ರಜೆಯ ದಿನವೂ ಕೆಲಸಕ್ಕೆ ಹೋದಳು. ಗಿಟಾರ್ ಮುಟ್ಟಬೇಕೆನಿಸಿದಾಗಲೆಲ್ಲ ಅವನ ಮುಚ್ಚಿದ ಕಣ್ಣು ನೆನಪಾಗಿ ಕೈ ಹಿಂದೆಳೆಯುತ್ತಿದ್ದಳು. ಆಮೇಲೆ ಅದಕ್ಕೂ ಸಿಟ್ಟು ಬಂತು. *ಅವನಿಗೋಸ್ಕರ ನಾನ್ಯಾಕೆ ನಿಲ್ಲಿಸಲಿ?* ಗಿಟಾರ್ ಎತ್ತಿಕೊಂಡು, ಅಳುತ್ತಲೇ ನುಡಿಸಿದಳು.

ಆಗ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ. ಅಪ್ಪ.

ಬಾಗಿಲ ಚೌಕಟ್ಟು ಹಿಡಿದು ಸುಧಾರಿಸಿಕೊಂಡರು. ಒಳಗೆ ಬರಲಿಲ್ಲ.

"ತಂತಿ ಏರಿಸಿದ್ದು ಅವನಲ್ಲ. ನಾನು."

ಅವಳ ಬೆರಳು ನಿಂತಿತು.

"ಬಂದವರೆಲ್ಲ ನಿನ್ನ ನೋಡಿ ನಗ್ತಾರೆ ಅಂತ ಹೆದರಿದೆ. ಸರಿ ಮಾಡಿಟ್ರೆ ಒಳ್ಳೇದಾಗುತ್ತೆ ಅನ್ಕೊಂಡೆ. ಅವನು ನೋಡಿ ಬೇಡ ಅಂದ. ಜನ ಬರೋಕೆ ಶುರು ಮಾಡಿದ್ರು, ಇಳಿಸೋಕೆ ಬಿಡಲಿಲ್ಲ ನಾನು. ಆಮೇಲೆ ನೀನು ಕೇಳಿದಾಗ... ನನ್ನ ನಾಲಿಗೆ ಏಳಲಿಲ್ಲ."

"ನಾಲಿಗೆ ಏಳದೇ ಇರೋರೇನಲ್ಲ ನೀವು. ನನಗೆ ಕಿವಿ ಇಲ್ಲ ಅಂದಾಗ ಚೆನ್ನಾಗೇ ಎದ್ದಿತ್ತು."

ಮುದುಕರ ಮುಖ ಬಾಡಿತು. "ಅದನ್ನ ಇನ್ನೂ ಇಟ್ಕೊಂಡಿದೀಯಾ?"

"ಇಟ್ಕೊಂಡಿದೀನಿ. ಮರೆಯೋದೂ ಇಲ್ಲ." ಅವಳು ಕಣ್ಣೊರೆಸಿಕೊಂಡು ಇನ್ನೊಂದು ಕುರ್ಚಿ ಎಳೆದಳು. "ನಿಂತೇ ಇರ್ಬೇಡಿ ಅಪ್ಪಾ. ಕೂತ್ಕೊಳ್ಳಿ."

ಅವರು ಕೂತರು. ಅವಳು ನುಡಿಸಿದಳು. ಅವರು ಏನೂ ತಿದ್ದಲಿಲ್ಲ. ಅದು ಅವರಿಗೆ ಎಷ್ಟು ಕಷ್ಟವಾಯಿತೆಂಬುದು ಮಂಡಿಯ ಮೇಲೆ ಬಿಗಿದ ಮುಷ್ಟಿಯಲ್ಲಿ ಕಾಣುತ್ತಿತ್ತು.

ಮರುದಿನ ಟ್ಯೂನರ್ ಶಾಲೆಯೊಂದರ ಸಭಾಂಗಣದಲ್ಲಿ ಪಿಯಾನೋದ ಹೊಟ್ಟೆ ಬಿಚ್ಚಿ ಕೂತಿದ್ದ. ಖಾಲಿ ಬೆಂಚುಗಳ ನಡುವೆ ಅವಳು ನೇರ ನಡೆದು ಬಂದಳು.

"ಸುಳ್ಳು ಯಾಕೆ ಹೇಳಿದ್ರಿ?"

ಅವನು ಕೀಲಿ ಕೆಳಗಿಟ್ಟ. "ಮೇಷ್ಟ್ರ ಕೈ ನಡುಗ್ತಿತ್ತು."

"ನನ್ನ ಕೈಯೂ ನಡುಗ್ತಿತ್ತು. ಅದು ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಮತ್ತೆ?"

"ಹುಡುಗನಾಗಿದ್ದಾಗಿಂದ ಅವರು ಹೇಳಿದ್ದಕ್ಕೆ ಹೂಂ ಅಂದೇ ಅಭ್ಯಾಸ. ಬಾಯಿಗೆ ಅದೇ ಬಂತು. ನೀವು ಆ ತಂತಿಗಳನ್ನ ಒಂದೊಂದೇ ಇಳಿಸ್ತಾ ಇದ್ರಿ... ನನಗೆ ನನ್ನ ಮೇಲೇ ಅಸಹ್ಯ ಆಯ್ತು. ತಪ್ಪಾಯ್ತು."

ಅವನ ಕಣ್ಣು ಕೆಂಪಾಗಿತ್ತು. ಅವಳ ಕೈ ತಾನಾಗಿಯೇ ಮುಂದೆ ಹೋಗಬೇಕೆಂದಿತು. ತಡೆದುಕೊಂಡಳು.

"ಅವರ ಮಾನ ಕಾಯೋಕೆ ನನ್ನ ನಂಬಿಕೆ ಕೊಟ್ಬಿಟ್ರಿ. ನನಗೆ ಅಂಥ ಒಳ್ಳೆಯವರು ಬೇಡ. ಎದುರು ಮಾತಾಡೋರು ಬೇಕು. ಆ ಅಭ್ಯಾಸ ಬಿಟ್ಟಾಗ ಬನ್ನಿ, ಬಿಡೋಕಾಗದಿದ್ರೆ ಬರ್ಬೇಡಿ."

ಹಾಗೆ ಹೇಳಿ ಬಂದವಳು ಬೀದಿಯ ತಿರುವಿನಲ್ಲಿ ನಿಂತು ಶಾಲೆಯ ಕಡೆ ತಿರುಗಿ ನೋಡಿದಳು. *ಬರದೇ ಇದ್ದರೆ...?*

ಅವನು ಬಂದ. ಕೆಲವು ದಿನಗಳ ನಂತರ, ಕಾರ್ಖಾನೆಯ ಊಟದ ವಿರಾಮದಲ್ಲಿ. ಅವಳೊಬ್ಬಳೇ ಮೇಜಿನ ಮುಂದೆ ಕೂತು ತಣ್ಣಗಾಗುತ್ತಿದ್ದ ಗಾಜುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಮೇಷ್ಟ್ರ ಹತ್ರ ಹೋಗಿದ್ದೆ," ಎಂದ. "ಇನ್ಮುಂದೆ ಅವರಿಗೋಸ್ಕರ ಸುಳ್ಳು ಹೇಳೋದಿಲ್ಲ ಅಂದೆ. ಮಗಳ ವಾದ್ಯ ಮುಟ್ಟಿದ್ದು ತಪ್ಪು ಅಂತಲೂ ಅಂದೆ."

"ಅವರೇನಂದ್ರು?"

"ಇನ್ನು ಪಿಯಾನೋಗೆ ಬೇರೆಯವರನ್ನ ಕರೀತೀನಿ ಅಂದ್ರು. ನಾನು ಆಗ್ಲಿ ಅಂದೆ. ಗೇಟಿನವರೆಗೆ ಬಂದಾಗ ನಿಮ್ಮತ್ತೆ ಕೂಗಿ ಕರೆದ್ರು. ಬೇರೆಯವರು ಯಾರೂ ಇಲ್ವಂತೆ, ಸೋಮವಾರ ಬರ್ಬೇಕಂತೆ."

ಅವಳು ನಗು ಅದುಮಿಟ್ಟಳು. "ಇದನ್ನ ಹೇಳೋಕೆ ಇಲ್ಲಿವರೆಗೂ ಬಂದ್ರಾ?"

"ಇಲ್ಲ. ನಿಮ್ಮನ್ನ ಒಂದು ಮಾತು ಕೇಳ್ಬೇಕು."

"ಅಪ್ಪನ್ನ ಕೇಳಿದೀರಾ?"

"ಇಲ್ಲ. ಯಾರನ್ನೂ ಕೇಳಿಲ್ಲ. ಮೊದಲು ನಿಮ್ಮನ್ನೇ." ಅವನು ಮೇಜಿನ ಹತ್ತಿರ ಬಂದ. "ನೀವು ಅಂದ್ರೆ ನನಗೆ ಪ್ರಾಣ. ನನ್ನ ಜೊತೆ ಬಾಳ್ತೀರಾ?"

ಕೈಯಲ್ಲಿದ್ದ ಗಾಜನ್ನು ಅವಳು ಹುಷಾರಾಗಿ ಮೇಜಿನ ಮೇಲಿಟ್ಟಳು.

"ನಾನು ನುಡಿಸೋದು ಬಿಡಲ್ಲ. ಚೆನ್ನಾಗಿ ನುಡಿಸ್ತೀನಿ ಅಂತಲೂ ಮಾತು ಕೊಡಲ್ಲ."

"ಬೇಡ."

"ಮನೆಯೆಲ್ಲ ಕೇಳಿಸುತ್ತೆ."

"ಪಕ್ಕದ ಕೋಣೇಲಿ ಕೂತು ಕೇಳ್ತಿರ್ತೀನಿ."

"ಪಕ್ಕದ ಕೋಣೆ ಯಾಕೆ?" ಅವಳು ಅವನ ಅಂಗಿಯ ತೋಳು ಹಿಡಿದು ಹತ್ತಿರಕ್ಕೆಳೆದಳು. "ನನ್ನ ಪಕ್ಕದಲ್ಲೇ ಕೂತ್ಕೋ."

ಬಹುವಚನ ಬಿಟ್ಟುಹೋದದ್ದು ಅವನಿಗೆ ತಿಳಿಯಲು ಅರೆಕ್ಷಣ ಹಿಡಿಯಿತು. ತಿಳಿದಾಗ ಮುಖವೆಲ್ಲ ಅರಳಿತು.

"ಕೂತ್ಕೋತೀನಿ ಕಣೇ," ಎಂದ.