ಕತ್ತರಿಸಿದ ಮಾತು

"ಹೇಳದೇ ಕೇಳದೇ ಸಂದೇಶ ಕತ್ತರಿಸಿಬಿಟ್ರೆ ಹೆಂಗೋ? ಓದೋರಿಗೆ ಗೊತ್ತಾಗೋದು ಬೇಡ್ವಾ?" ಶಾಮಲಾ ಜಗಳಕ್ಕೇ ನಿಂತಳು.

ಎಂಬತ್ತಾರನೇ ಇಸವಿ. ಮಾಲೂರಿನ ಸಣ್ಣ ಕಂಪ್ಯೂಟರ್ ಕಾರ್ಖಾನೆಯಲ್ಲಿ ಅವಳಿಗೂ ಜತೆಗಾರ ನರಸಿಂಹನಿಗೂ ಕೆಲಸಕ್ಕೆ ಒಂದೇ ಟರ್ಮಿನಲ್, ಒಂದೇ ಪರದೆ. ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ, ಅಂದರೆ ಕರ್ನಲ್‌ನಲ್ಲಿ, ಸಂದೇಶ ಜೋಡಿಸುವ ಕೋಡ್ ಕಂಡಕಂಡಲ್ಲಿ ಚೆಲ್ಲಾಡಿತ್ತು. ಬಫರ್ ಎಂಬ ಡಬ್ಬಿಯ ಅಳತೆ ನೋಡದೆ ಅಕ್ಷರ ಸುರಿದರೆ ಪಕ್ಕದ್ದೂ ಕೆಟ್ಟು ಯಂತ್ರವೇ ಮಲಗುತ್ತಿತ್ತು. ಅದನ್ನೆಲ್ಲ ಕಿತ್ತು, ಅಳತೆ ನೋಡಿ ತುಂಬುವ ಒಂದೇ ಸರಳ ಫಂಕ್ಷನ್, ಅಂದರೆ ಕೋಡಿನ ತುಣುಕು, ಬರೆಯುವುದು ಇಬ್ಬರ ಕೆಲಸ.

"ಜಾಸ್ತಿಯಾದದ್ದನ್ನ ಕತ್ತರಿಸ್ತೀನಿ. ಯಂತ್ರ ನಿಲ್ಲಲ್ಲ, ಸಾಕಲ್ವಾ?" ನರಸಿಂಹ ನಕ್ಕ. ನಕ್ಕರೆ ಎಡಗೆನ್ನೆಯಲ್ಲೊಂದು ಗುಳಿ. ಹಾಳಾದ ಗುಳಿ! ಅದನ್ನು ನೋಡಿ ಶಾಮಲಾ ಅರ್ಧ ಜಗಳ ಮರೆತಳು.

ಆ ಗುಳಿಯನ್ನು ನಂಬಿಯೇ ಅವಳು ಶ್ರೀನಿವಾಸಪುರದಿಂದ ಬಂದ ಗಂಡನ್ನು ಬೇಡವೆಂದಿದ್ದು. "ಮಾವಿನ ಸುಗ್ಗಿ ಮುಗೀಲಿ, ನಿಮ್ಮಪ್ಪನ ಹತ್ರ ಮಾತಾಡ್ತೀನಿ" ಎಂದು ನರಸಿಂಹ ಹೇಳಿದ್ದನಲ್ಲ!

ಸುಗ್ಗಿ ಮುಗಿಯಿತು. ಕಾರ್ಖಾನೆಗೆ ಬಂದವಳು ಅವನ ಅಕ್ಕ ಮುನಿಶಾಮಮ್ಮ, ಗೌನಿಪಲ್ಲಿಯಿಂದ, ಒಂದು ಬುಟ್ಟಿ ಹಣ್ಣು ಹೊತ್ತು. ನರಸಿಂಹ ಊಟಕ್ಕೆ ಹೋಗಿದ್ದ.

"ನಮ್ ತಮ್ಮನ ಜತೆ ಕೆಲ್ಸ ಮಾಡೋಳು ನೀನೇನಮ್ಮಾ? ಶ್ರಾವಣದಾಗೆ ನನ್ ಮಗಳನ್ನ ಇವನಿಗೇ ಕೊಡ್ತಾ ಇದೀವಿ. ಅವಳು ತೊಟ್ಟಿಲಾಗೆ ಇದ್ದಾಗ್ಲೇ ಆಗಿದ್ದ ಮಾತು. ತಪ್ಪದೆ ಬಾಮ್ಮಾ."

ಅಕ್ಕನ ಮಗಳನ್ನು ತಂದುಕೊಳ್ಳುವುದು ಆ ಕಡೆ ಹೊಸದೇನಲ್ಲ. ಇವನು ಬಾಯಿ ಬಿಡದಿದ್ದುದೇ ಹೊಸದು.

"ಯಾಕೆ ಹೇಳ್ಲಿಲ್ಲ?" ಅಕ್ಕ ಬಸ್ಸಿಗೆ ಹೋದ ಮೇಲೆ ಕೇಳಿದಳು.

"ಹೇಳಿದ್ರೆ ನೀನು ಹೊರಟುಹೋಗ್ತಿದ್ದೆ. ಪ್ರೀತಿ ಸುಳ್ಳಲ್ಲ ಕಣೇ."

"ಸುಳ್ಳು ಅಂದೆನಾ? ಪೂರ್ತಿ ಹೇಳ್ಲಿಲ್ಲ ಅಂದೆ. ಅಕ್ಕನಿಗೆ ಬೇಡ ಅಂತೀಯಾ?"

ಅವನು ಕೀಬೋರ್ಡ್ ನೋಡಿದ. ಅಷ್ಟರಲ್ಲೇ ಅವಳಿಗೆ ಉತ್ತರ ಸಿಕ್ಕಿತು.

ಮರುದಿನ ಅವಳು ಬರುವಷ್ಟರಲ್ಲಿ ಫಂಕ್ಷನ್ ಬದಲಾಗಿತ್ತು. ಎಷ್ಟು ಅಕ್ಷರ ಬಿಟ್ಟುಹೋಯಿತೆಂದು ಈಗ ಅದೇ ತಿಳಿಸುತ್ತಿತ್ತು. ಶಾಮಲಾ ಸಾಲುಸಾಲಾಗಿ ಓದಿದಳು. ಒಂದು ತಪ್ಪೂ ಇರಲಿಲ್ಲ.

"ನೀನು ಹೇಳ್ದಂಗೇ ಮಾಡಿದೀನಿ," ಎಂದು ಮೆಲ್ಲಗೆ ನಕ್ಕ. ಅದೇ ಗುಳಿ.

"ಚೆನ್ನಾಗಿದೆ. ಈ ಯಂತ್ರ ಪುಣ್ಯ ಮಾಡಿತ್ತು." ಅವಳು ಕುರ್ಚಿಯನ್ನು ಇನ್ನೊಂದು ಟರ್ಮಿನಲ್ ಕಡೆಗೆ ಎಳೆದಳು. "ನಿನ್ನ ಮದುವೆಗೆ ನಾನು ಬರಲ್ಲ ನರಸಿಂಹ. ಸುಮ್ನೆ ತಪ್ಪಿಸ್ಕೊಂಡ್ಳು ಅಂತ ಅನ್ಕೋಬೇಡ. ಬಾಯ್ಬಿಟ್ಟೇ ಹೇಳ್ತಿದೀನಿ."