ಎರಡನೆಯ ಗೀರು

“ಗ್ಲಾಸೇ ಸಾಕು ಮೇಡಂ,” ಎಂದರು ಮೀನಿನ ಟ್ಯಾಂಕಿನವರು, ನಡುಮನೆಯ ಗೋಡೆಗೆ ಅಳತೆಯ ಟೇಪು ಹಿಡಿದು. “ಆರು ಅಡಿಗೆ ಗ್ಲಾಸ್ ಧಾರಾಳವಾಗಿ ತಡೆಯುತ್ತೆ. ಅಕ್ರಿಲಿಕ್ ಅಂದ್ರೆ ಪ್ಲಾಸ್ಟಿಕ್ ಥರದ್ದು, ಹಗುರ, ನೋಡೋಕೂ ಚೆಂದ, ಬೇಗ ಒಡೆಯಲ್ಲ. ಆದ್ರೆ ಸ್ವಲ್ಪ ಏನಾದ್ರೂ ಉಜ್ಜಿದ್ರೂ ಗೀರು ಬೀಳುತ್ತೆ. ಗೀರು ಬಿದ್ದಾಗೆಲ್ಲ ನಾನೇ ಬಂದು ಪಾಲಿಶ್ ಮಾಡ್ಬೇಕು. ಸುಮ್ನೆ ತಾಪತ್ರಯ.”

ಅಷ್ಟು ಉದ್ದದ ವಿವರಣೆಯಲ್ಲಿ ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು. ನಾನೇ ಬಂದು.

“ಅಕ್ರಿಲಿಕ್ಕೇ ಇರಲಿ,” ಎಂದುಬಿಟ್ಟಳು.

ಅವರು ಹುಬ್ಬೇರಿಸಿದರು. ಏನಾದರೊಂದು ಕಾರಣ ಹೇಳಲೇಬೇಕಲ್ಲ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಕಡೆ ಕೈ ತೋರಿಸಿದಳು. “ಅತ್ತೆ ಊರುಗೋಲು ಹಿಡ್ಕೊಂಡು ಓಡಾಡ್ತಾರೆ. ಎಲ್ಲಾದ್ರೂ ತಗುಲಿ ಗ್ಲಾಸ್ ಒಡೆದ್ರೆ?”

“ನಾನೇನು ಕೋಲಲ್ಲಿ ಕ್ರಿಕೆಟ್ ಆಡ್ತೀನಾ?” ಎಂದರು ಅತ್ತೆ.

ಟ್ಯಾಂಕಿನವರು ನಕ್ಕರು. ನಗುವಾಗ ಅವರ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಅದನ್ನೇ ನೋಡುತ್ತಾ ನಿಂತವಳು, ಅತ್ತೆ ತನ್ನನ್ನು ನೋಡುತ್ತಿದ್ದಾರೆಂದು ಹೊಳೆದು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿದಳು.

ಮೀನು ಗಂಡನದು. ಅಂಗೈಯಗಲದ ಮರಿಯನ್ನು ತಂದು ‘ದೊರೆ’ ಎಂದು ಕರೆದವನು ಅವನೇ. ಅವನು ತೀರಿಹೋದ ಮೇಲೂ ದೊರೆ ಬೆಳೆಯುತ್ತಲೇ ಇತ್ತು, ಹಳೆಯ ತೊಟ್ಟಿಯಲ್ಲಿ ತಿರುಗುವುದಕ್ಕೂ ಒದ್ದಾಡುತ್ತಿತ್ತು. “ನನ್ನ ಮಗನ ಮೀನು ಹೀಗೆ ಮುದುಡ್ಕೊಂಡಿರೋದು ನೋಡೋಕಾಗಲ್ಲ ಕಣೇ,” ಎಂದು ಅತ್ತೆಯೇ ದೊಡ್ಡ ಟ್ಯಾಂಕಿನ ಮಾತೆತ್ತಿದ್ದು. ಆ ಅತ್ತೆಯ ಕೋಲನ್ನೇ ನೆಪ ಮಾಡಿಕೊಂಡು ಅವಳು ತನ್ನ ಆಸೆ ಸಾಧಿಸಿಕೊಂಡಿದ್ದಳು. “ನೀನಿದ್ದೀಯಲ್ಲ, ನಂಗಷ್ಟು ಸಾಕು,” ಎಂದು ಅತ್ತೆ ಆಗಾಗ ಹೇಳುತ್ತಿದ್ದರು. ಈಗೀಗ ಆ ಮಾತು ಕೇಳಿದರೆ ಅವಳು ಎದ್ದು ಬೇರೇನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಟ್ಯಾಂಕ್ ಬಂತು. ನೀರು ತುಂಬಿತು. ದೊರೆ ಒಂದು ಸುತ್ತು ಹೊಡೆದು, ಗೋಡೆಗೆ ಮೂತಿ ಹಚ್ಚಿ ಟ್ಯಾಂಕಿನವರನ್ನು ದುರುಗುಟ್ಟಿ ನೋಡಿತು.

“ಏನೋ ಕದ್ದವನ ಥರ ನೋಡ್ತಿದೆಯಲ್ಲ ನನ್ನ.”

“ಎಲ್ಲರನ್ನೂ ಹಾಗೇ ನೋಡುತ್ತೆ. ನೀವು ತಲೆ ಕೆಡಿಸ್ಕೋಬೇಡಿ.”

“ಇಲ್ಲ, ಈ ಮನೇಲಿ ನನ್ನ ಇನ್ಯಾರೂ ನೋಡಲ್ವಲ್ಲ. ಅದಕ್ಕೇ ಅಂದೆ.”

ಟ್ಯಾಂಕಿನ ಆ ಬದಿಯಲ್ಲಿ ಅವರು, ಈ ಬದಿಯಲ್ಲಿ ಅವಳು. ನಡುವೆ ಅಷ್ಟು ನೀರಿದ್ದರೂ ಅವರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ತನ್ನ ಮುಖವೂ ಅವರಿಗೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿರಬೇಕೆಂದು ಹೊಳೆದಾಗ ಅವಳ ಕಿವಿ ಬಿಸಿಯಾಯಿತು.

ಕೆಲಸ ಮುಗಿಯಿತು. ಇನ್ನು ಅವರು ಬರುವುದಕ್ಕೆ ಕಾರಣವಿಲ್ಲ. ಅವಳು ಕಾದಳು. ಗೀರು ಬೀಳಲಿಲ್ಲ. ಹಾಳಾದ್ದು, ಎಷ್ಟು ಒಳ್ಳೆಯ ಕೆಲಸ ಮಾಡಿಕೊಟ್ಟಿದ್ದಾರೆ ಎಂದು ಅವರ ಮೇಲೆಯೇ ಸಿಟ್ಟು ಬಂತು. ಕೊನೆಗೊಂದು ಶನಿವಾರ ಮಧ್ಯಾಹ್ನ, ಅತ್ತೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದಾಗ, ಮನೆಯ ಕೀಲಿ ತೆಗೆದುಕೊಂಡು ಟ್ಯಾಂಕಿನ ಮೂಲೆಯಲ್ಲಿ ಬೆರಳುದ್ದ ಎಳೆದಳು.

ಅವರು ಬಂದರು. ಮಂಡಿಯೂರಿ ಗೀರಿನ ಮೇಲೆ ಉಗುರಾಡಿಸಿದರು. “ಒಳಗಡೆ ಆಗಿದ್ರೆ ಮರಳು ಉಜ್ಜಿದೆ ಅಂತಿದ್ದೆ. ಇದು ಹೊರಗಡೆ ಆಗಿದೆ.”

“ಅತ್ತೆ ಕೋಲಿರಬೇಕು,” ಎಂದಳು, ಬಾಯಿಗೆ ಬಂದದ್ದನ್ನು.

ಅತ್ತೆ ಅಲ್ಲೇ ಇದ್ದರು. ಕೋಲನ್ನು ಹತ್ತಿರಕ್ಕೆ ಎಳೆದುಕೊಂಡು, “ಇರ್ಬಹುದಪ್ಪ. ಈಗೀಗ ಕೈ ಹಿಡಿತ ಸಾಲದು,” ಎಂದರು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ. ಅವರು ಉಜ್ಜಿ ಉಜ್ಜಿ ಗೀರನ್ನು ಮಾಯ ಮಾಡುವಷ್ಟು ಹೊತ್ತೂ ಅವಳು ಒಮ್ಮೆಯೂ ತಲೆಯೆತ್ತಲಿಲ್ಲ. ಅವರು ಬಾಗಿಲಲ್ಲಿ ನಿಂತು “ಬರ್ಲಾ?” ಎಂದಾಗಲೂ ಅವರ ಚಪ್ಪಲಿಯನ್ನೇ ನೋಡಿ ತಲೆಯಾಡಿಸಿದಳು. ಇನ್ನು ಇದೆಲ್ಲ ಸಾಕು ಎಂದು ನಿರ್ಧರಿಸಿದಳು. ಅವರ ನಂಬರನ್ನೂ ತನ್ನ ಫೋನಿನಿಂದ ಅಳಿಸಿದಳು.

ಆದರೆ ಮುಂದಿನ ತಿಂಗಳು ಬಾಗಿಲು ತೆರೆದರೆ ಎದುರಿಗೆ ಅವರೇ.

“ಅಮ್ಮ ಫೋನ್ ಮಾಡಿದ್ರು. ಮತ್ತೆ ಗೀರಾಗಿದೆಯಂತೆ,” ಎಂದರು, ಒಳಗೆ ಅತ್ತೆಯ ಕುರ್ಚಿಯ ಕಡೆ ನೋಡಿ.

ಈ ಸಲ ಅವಳು ಕೈಯೇ ಹಚ್ಚಿರಲಿಲ್ಲ. ಹೋಗಿ ನೋಡಿದರೆ ನಿಜವಾಗಿಯೂ ಗೀರಿತ್ತು, ಕೆಳಗಡೆ, ಅಂಕುಡೊಂಕಾಗಿ. ಅವರು ಅದನ್ನು ನೋಡಿ ಪಾಲಿಶ್ ಡಬ್ಬ ತೆಗೆಯಲಿಲ್ಲ.

“ತಪ್ಪು ನಂದೇ. ಅವತ್ತೇ ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು. ಇದನ್ನ ನಾನು ವಾಪಸ್ ತಗೊಂಡು ಗ್ಲಾಸಿನದು ಹಾಕ್ಕೊಡ್ತೀನಿ. ಆಮೇಲೆ ನನ್ನ ಕಾಟ ಇರಲ್ಲ. ಅಮ್ಮನ ಮೇಲೂ ಮಾತು ಬರಲ್ಲ.”

ಅಮ್ಮನ ಮೇಲೂ ಎಂಬ ಮಾತಿಗೆ ಅವಳು ಕರಗಿಹೋದಳು.

“ಅವತ್ತು ಅತ್ತೆ ಏನೂ ಮಾಡಿರ್ಲಿಲ್ಲ,” ಎಂದಳು. “ನಾನೇ ಮಾಡಿದ್ದು. ಮನೆ ಕೀ ತಗೊಂಡು. ನೀವು ಬರ್ಲಿ ಅಂತ.”

ಅವಳು ಇಬ್ಬರನ್ನೂ ನೋಡಲಾರದೆ ದೊರೆಯನ್ನು ನೋಡಿದಳು. ಅದೂ ದುರುಗುಟ್ಟಿತು.

“ಗೊತ್ತು,” ಎಂದರು ಅತ್ತೆ. “ಕಣ್ಣು ಮುಚ್ಚಿದ್ದೆ ಅಷ್ಟೆ, ನಿದ್ದೆ ಎಲ್ಲಿತ್ತು? ನೀನು ಇನ್ನೊಂದು ಸಲ ಗೀರ್ತೀಯೇನೋ ಅಂತ ಕಾದೆ. ಗೀರ್ಲಿಲ್ಲ. ಮುಖ ಬಾಡಿಸ್ಕೊಂಡು ಓಡಾಡ್ತಿದ್ದೆ. ಅದಕ್ಕೇ ಎರಡನೇದು ನಾನು ಹಾಕ್ದೆ.” ಕನ್ನಡಕ ತೆಗೆದು ತೋರಿಸಿದರು. ಒಂದು ಕಡ್ಡಿ ಸೊಟ್ಟಗಾಗಿ, ತುದಿಯ ಪ್ಲಾಸ್ಟಿಕ್ ಕಿತ್ತುಹೋಗಿತ್ತು. “ಕುರ್ಚೀಲಿ ಕೂತು ಇಷ್ಟೇ ಎತ್ತರ ಕೈಗೆ ಸಿಕ್ಕಿದ್ದು.”

“ಅತ್ತೆ, ನಿಮ್ಮನ್ನ ಬಿಟ್ಟು ನಾನು…”

“ಬಿಟ್ಟು ಹೋಗು ಅಂತ ಯಾರಂದ್ರು? ಅವರನ್ನ ಒಳಗೆ ಕರಿ ಅಂದೆ. ಎಷ್ಟು ದಿನ ಅಂತ ರಿಪೇರಿ ಹೆಸರಲ್ಲಿ ಕರೆಸ್ತೀಯ?” ಅವರ ಧ್ವನಿ ಸ್ವಲ್ಪ ಒಡೆಯಿತು. “ನಂಗೆ ನೋವಾಗಲ್ವಾ ಅಂದ್ರೆ, ಆಗುತ್ತೆ. ಅವನು ನನ್ನ ಮಗ. ಅದು ನನ್ನ ಪಾಡು. ಅದನ್ನೂ ನೀನೇ ಹೊರಬೇಡ.”

ಅವಳು ಕುರ್ಚಿಯ ಪಕ್ಕ ಕುಸಿದು, ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅತ್ತೆ ಅವಳ ತಲೆ ಸವರುತ್ತಲೇ ಕನ್ನಡಕವನ್ನು ಟ್ಯಾಂಕಿನವರ ಕಡೆ ಚಾಚಿದರು. “ಇದನ್ನ ಸರಿಮಾಡಿಸ್ಕೊಂಡು ಬನ್ನಿ. ಅಲ್ಲೀವರೆಗೂ ನಂಗೇನೂ ಕಾಣಲ್ಲ.” ಹಾಗೆಂದು ಕಿಟಕಿಯ ಕಡೆ ಮುಖ ತಿರುಗಿಸಿದರು.

ಟ್ಯಾಂಕಿನವರು ಕನ್ನಡಕವನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

“ಗೀರಿಲ್ದೆ ಈ ಮನೆಗೆ ಬರೋದು ಹೇಗೆ ಅಂತ ನಾನೂ ಯೋಚನೆ ಮಾಡ್ತಾನೇ ಇದ್ದೆ,” ಎಂದರು ಮೆಲ್ಲಗೆ. “ಈಗ ಹೇಳಿ. ಗ್ಲಾಸಾ, ಅಕ್ರಿಲಿಕ್ಕಾ?”

ಅವಳು ಕಣ್ಣೊರೆಸಿಕೊಂಡಳು. ಅತ್ತೆಯ ಕೈ ಇನ್ನೂ ಅವಳ ತಲೆಯ ಮೇಲಿತ್ತು. ತಪ್ಪು ಮಾಡಿದೆನೆಂಬ ಸಂಕಟ ಪೂರ್ತಿ ಹೋಗಿರಲಿಲ್ಲ, ಬಹುಶಃ ಹೋಗುವುದೂ ಇಲ್ಲ.

“ಗ್ಲಾಸ್,” ಎಂದಳು.

“ಗೀರು ಬೀಳಲ್ಲ ಮತ್ತೆ.”

“ಬೀಳೋದು ಬೇಡ. ನೀವು ಸುಮ್ನೆ ಬನ್ನಿ.”