ಮ್ಯಾನೇಜರ್ ಸಹಿ ಹಾಕಿದ ಕೈಚೀಲ

ಈ ಸಲ ಒದ್ದೆಯಾದದ್ದು ಅತ್ತಿಗೆಯ ಕೈಚೀಲ.

ಕೆಲಸದಿಂದ ಬಂದವರು ಎಂದಿನಂತೆ ಚಪ್ಪಲಿಯನ್ನು ಸ್ಟ್ಯಾಂಡಿನ ನೆತ್ತಿಯ ಮೇಲೆ, ಕೊಡೆಗಳ ಪಕ್ಕ ಇಟ್ಟು, ಚೀಲವನ್ನು ಸೋಫಾಕ್ಕೆ ಒರಗಿಸಿ ಮುಖ ತೊಳೆಯಲು ಹೋಗಿದ್ದರು. ನಲ್ಲಿ ನಿಲ್ಲಿಸಿ ಹೊರಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಚೀಲದ ಮೂಲೆಯಿಂದ ಸಣ್ಣ ಧಾರೆಯೊಂದು ನೆಲಕ್ಕಿಳಿದು ಸೋಫಾದ ಕಾಲಿನ ಕಡೆ ಹೊರಟಿತ್ತು. ಪಕ್ಕದಲ್ಲಿ ನಮ್ಮ ನಾಯಿ ನಿಂತಿದ್ದ. ಓಡಿಹೋಗುವ ಯೋಚನೆಯೇ ಅವನಿಗಿದ್ದಂತೆ ಕಾಣಲಿಲ್ಲ.

ಅವನನ್ನು ನಾವು ಕರೆಯುವುದು ಮ್ಯಾನೇಜರ್ ಎಂದು. ಮರಿಯಾಗಿದ್ದಾಗಿನಿಂದ ಮೂರೂ ಕೋಣೆ ಸುತ್ತಿ, ಎಲ್ಲರೂ ಅವರವರ ಕೆಲಸದಲ್ಲಿದ್ದಾರೆಯೇ ಎಂದು ನೋಡಿಕೊಂಡು ಬರುವ ಅಭ್ಯಾಸ ಅವನದು.

"ಮ್ಯಾನೇಜರ್ ಸಹಿ ಹಾಕಿದ್ರಾ?" ಅಮ್ಮ ಹೊಲಿಗೆ ಯಂತ್ರದಿಂದ ಏಳದೆ ಕೇಳಿದಳು. ಮೊದಮೊದಲು ಈ ಮಾತಿಗೆ ಮನೆಯವರೆಲ್ಲ ನಗುತ್ತಿದ್ದೆವು.

ನಾನು ಬಕೆಟ್ಟು ತರಲು ಎದ್ದೆ. ಪದವಿ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿರುವವಳು ನಾನೊಬ್ಬಳೇ. ಹಾಗಾಗಿ ಬಕೆಟ್ಟು ನನ್ನದು. ಕೈಗೆ ಹತ್ತಿದ ಫಿನಾಯಿಲ್ ವಾಸನೆ ಈಗೀಗ ಊಟಕ್ಕೆ ಕೂತಾಗಲೂ ಹೋಗುತ್ತಿರಲಿಲ್ಲ.

ಅತ್ತಿಗೆ ಚೀಲವನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದರು. "ಮತ್ತೆ ನನ್ನದೇ," ಎಂದರು.

ಅಣ್ಣ ಒಳಗಿನಿಂದ ಬಂದ. ಲಿಫ್ಟು ರಿಪೇರಿ ಮಾಡುವವನು. ದಿನವಿಡೀ ಕಂಡವರ ದೂರು ಕೇಳಿ ಬರುತ್ತಾನೆ. ಮನೆಯಲ್ಲೂ ಅದೇ ಎಂದರೆ ಅವನ ಮುಖ ಬಾಡುತ್ತದೆ.

"ಸಾಕಾಯ್ತು. ಕಾವಲಿಗೆ ನಾಯಿ ಕೇಳಿದ್ದ ಗೋದಾಮಿನವನು ಶನಿವಾರ ಬರ್ತಾನೆ, ಇವನನ್ನ ಕರ್ಕೊಂಡು ಹೋಗ್ಲಿ."

ಆ ಗೋದಾಮನ್ನು ನಾನು ನೋಡಿದ್ದೆ. ತಗಡಿನ ಮಾಡು, ಸಿಮೆಂಟು ಮೂಟೆ, ಬಾಗಿಲ ಬಳಿ ಒಂದು ಸರಪಳಿ. ನನ್ನ ಪಾದದ ಮೇಲೆ ಮೂಗಿಟ್ಟು ಮಲಗುವವನು ಅಲ್ಲಿ ಯಾರ ಪಾದ ಹುಡುಕಬೇಕು? ಜನರ ಮುಂದೆ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಈ ಮನೆಯಲ್ಲಿ ಅದನ್ನು ಪೂರ್ತಿ ಕೇಳಿಸಿಕೊಂಡವನು ಅವನೊಬ್ಬನೇ.

ಮಹಡಿಗೆ ಹೋಗಿ ದೊಡ್ಡಮ್ಮನಿಗೆ ಫೋನ್ ಮಾಡಿದೆ.

ದೊಡ್ಡಮ್ಮ ಅಮ್ಮನ ಅಕ್ಕ. ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡಿ ನಿವೃತ್ತರಾದವರು. ಕೆಲಸ ಹೋಯಿತು, ಅನುಮಾನ ಹೋಗಲಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದವರು ಕುರ್ಚಿಯಲ್ಲಿ ಕುಸಿದು ಮಂಡಿ ನೀವಿಕೊಂಡರು.

"ಸುಟ್ಟ ಅಂಗಡಿ ನೋಡಿದೀನಿ, ಮುಳುಗಿದ ಕಾರು ನೋಡಿದೀನಿ. ಉಚ್ಚೆ ಕೇಸು ಇದೇ ಮೊದಲು. ಎಲ್ಲಿ ಆ ಚೀಲ?"

"ತೊಳೆದು ಒಣಗ್ಹಾಕಿದೀನಿ ಅಕ್ಕಾ," ಎಂದಳು ಅಮ್ಮ.

"ಸೋಫಾದ ಕಾಲು?"

"ಇವಳ ಕೈಲಿ ಫಿನಾಯಿಲ್ ಹಾಕಿಸಿ ಎರಡು ಸಲ ಒರೆಸಿದೀನಿ."

"ನಿನ್ನಂಥವಳು ಮನೆಯಲ್ಲಿದ್ರೆ ಕೊಲೆಗಾರನಿಗೆ ಚಿಂತೆಯೇ ಇಲ್ಲ ಕಣೇ." ದೊಡ್ಡಮ್ಮ ನಿಟ್ಟುಸಿರಿಟ್ಟರು. "ಡಾಕ್ಟರಿಗೆ ತೋರಿಸಿದ್ರಾ?"

ತೋರಿಸಿದ್ದೆವು. ಮೂತ್ರದ ತೊಂದರೆ ಏನೂ ಇಲ್ಲ ಎಂದಿದ್ದರು ಪಶುವೈದ್ಯೆ. ಗಂಡು ನಾಯಿ ಹೀಗೆ ಅಲ್ಲಲ್ಲಿ ಚೂರು ಚೂರು ಬಿಡುವುದು ಇದು ನನ್ನ ಜಾಗ ಎಂದು ಸಾರುವುದಕ್ಕೆ. ಸಂತಾನಹರಣ ಆಪರೇಷನ್ ಮಾಡಿಸಿದರೆ ಕಡಿಮೆಯಾದೀತು. ಅದಕ್ಕಿಂತ ಮೊದಲು ಮನೆಯಲ್ಲಿ ಏನು ಬದಲಾಗಿದೆ ನೋಡಿ ಎಂದೂ ಹೇಳಿದ್ದರು.

"ಬದಲಾಗಿರೋದು ಒಂದೇ," ಎಂದ ಅಣ್ಣ, ಬೂಟಿನ ದಾರ ಕಟ್ಟುತ್ತ.

"ನಾನು ಬಂದಿರೋದು," ಎಂದು ಅತ್ತಿಗೆ ಮುಗಿಸಿದರು. "ಹೇಳಿಬಿಡಿ, ಪರವಾಗಿಲ್ಲ."

"ನಿನಗೆ ನಾಯಿ ಅಂದ್ರೆ ಹೇಗಮ್ಮಾ?" ದೊಡ್ಡಮ್ಮ ಅವರ ಕಡೆ ತಿರುಗಿದರು.

"ಅಷ್ಟಕ್ಕಷ್ಟೆ."

"ಮ್ಯಾನೇಜರ್‌ಗೆ ಹೊಡೆದಿದೀಯಾ? ಗದರಿದೀಯಾ?"

"ಇಲ್ಲ."

"ತವರಲ್ಲಿ ನಾಯಿ ಇತ್ತಾ?"

"ಈಗ ಇಲ್ಲ," ಎಂದರು ಅತ್ತಿಗೆ. ಸ್ಟ್ಯಾಂಡಿನ ಮೇಲಿಂದ ಚಪ್ಪಲಿ ತೆಗೆದುಕೊಂಡು ಕೆಲಸಕ್ಕೆ ಹೊರಟರು. ಅವರು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾರೆ. ಅಣ್ಣನೂ ಹೊರಟ. ಉಳಿದವರು ನಾವು ಮೂವರು, ಮತ್ತು ಆರೋಪಿ.

"ಈಗ ನೀನು ಹೇಳು," ಎಂದರು ದೊಡ್ಡಮ್ಮ. "ಬಾಯಿ ಬಿಡದವರು ನೋಡಿರ್ತಾರೆ. ಅತ್ತಿಗೆ ಮನೆಗೆ ಬಂದ ದಿನವೇ ಶುರುವಾಯ್ತಾ?"

ನಾನು ಯೋಚಿಸಿದೆ. "ಇಲ್ಲ ದೊಡ್ಡಮ್ಮ. ಮದುವೆ ಆದ್ಮೇಲೆ ಅತ್ತಿಗೆ ರಜೆಯಲ್ಲಿದ್ರು. ಆಗ ಏನೂ ಇರ್ಲಿಲ್ಲ. ಇವನು ಅವರ ಹಿಂದೆ ಹಿಂದೆಯೇ ಓಡಾಡ್ತಿದ್ದ."

"ಮತ್ತೆ?"

"ಅವರು ಕೆಲಸಕ್ಕೆ ಹೋಗೋಕೆ ಶುರು ಮಾಡಿದ ಮೇಲೆ."

"ಭಾನುವಾರ?"

"ಭಾನುವಾರ—" ನನಗೇ ಆಶ್ಚರ್ಯವಾಯಿತು. "ಭಾನುವಾರ ನಾನು ಬಕೆಟ್ಟು ಮುಟ್ಟಿದ್ದೇ ನೆನಪಿಲ್ಲ."

"ಎಲ್ಲೆಲ್ಲಿ ಮಾಡಿದಾನೆ, ತೋರಿಸು."

ಸೋಫಾದಲ್ಲಿ ಅತ್ತಿಗೆ ಬಂದು ಕೂರುವ ಮೂಲೆ. ಅವರು ದುಪಟ್ಟಾ ನೇತುಹಾಕುವ ಬಾಗಿಲ ಸಂದು. ಬಚ್ಚಲ ಹೊರಗಿನ ಬಟ್ಟೆಬುಟ್ಟಿ. ದೊಡ್ಡಮ್ಮ ಪ್ರತಿಯೊಂದರ ಮುಂದೆಯೂ ಮಂಡಿ ಹಿಡಿದು ಬಗ್ಗಿದರು, ಹುಸ್ಸಪ್ಪಾ ಎಂದು ಎದ್ದರು. ಮಂಚದ ಕೆಳಗೆ ಅತ್ತಿಗೆಯ ಮದುವೆಯ ಸೂಟ್‌ಕೇಸಿತ್ತು.

"ಇದಕ್ಕೆ?"

"ಇದನ್ನ ಮೂಸೂ ನೋಡಿಲ್ಲ."

"ನಾಯಿಗೆ ತನ್ನ ಹೆಂಡತಿ ಮೇಲೆ ಹೊಟ್ಟೆಕಿಚ್ಚು ಅಂತಾನೆ ನಿಮ್ಮಣ್ಣ. ಅವಳ ಮೇಲೇ ಸಿಟ್ಟಿದ್ರೆ ಈ ಪೆಟ್ಟಿಗೆ ಏನು ಪುಣ್ಯ ಮಾಡಿತ್ತು?"

ಸಂಜೆ ಅತ್ತಿಗೆ ಬಂದು, ಚಪ್ಪಲಿ ಮೇಲಿಟ್ಟು, ಬದಲಿ ಚೀಲವನ್ನು ಸೋಫಾಕ್ಕೆ ಒರಗಿಸಿ ಒಳಗೆ ಹೋದರು. ನಾವು ಮೊದಲೇ ಸೂಟ್‌ಕೇಸನ್ನೂ ಅಲ್ಲೇ ತಂದಿಟ್ಟಿದ್ದೆವು. ದೊಡ್ಡಮ್ಮ ಪೇಪರಿನ ಹಿಂದೆ ಕೂತಿದ್ದರು. ಮ್ಯಾನೇಜರ್ ಬಂದ. ಸೂಟ್‌ಕೇಸನ್ನು ದಾಟಿದ. ಚೀಲದ ಬಳಿ ನಿಂತ. ಮೂಗು ಇಟ್ಟವನು ತೆಗೆಯಲೇ ಇಲ್ಲ. ಬೆನ್ನಿನ ಕೂದಲು ಸ್ವಲ್ಪ ನಿಮಿರಿತು. ಹಿಂಗಾಲು ನೆಲ ಬಿಡುವ ಹೊತ್ತಿಗೆ ದೊಡ್ಡಮ್ಮ ಮೆಲ್ಲಗೆ ಚಪ್ಪಾಳೆ ತಟ್ಟಿ, "ಬನ್ನಿ ಸಾರ್, ಬಿಸ್ಕತ್ತು," ಎಂದರು. ಅವನು ಬಂದ.

ಚೀಲ ಮೊದಲ ಸಲ ಒದ್ದೆಯಾಗದೆ ಉಳಿದಿತ್ತು. ದೊಡ್ಡಮ್ಮ ಅದರ ತಳವನ್ನು ದೀಪದ ಕೆಳಗೆ ತಿರುಗಿಸಿ, ಹೊಲಿಗೆಯ ಸಂದಿನಿಂದ ಏನನ್ನೋ ಉಗುರಲ್ಲಿ ಎತ್ತಿ ಕಾಗದದಲ್ಲಿ ಮಡಿಚಿಟ್ಟರು. ಆಮೇಲೆ ಬಹಳ ಹೊತ್ತು ಚಪ್ಪಲಿ ಸ್ಟ್ಯಾಂಡನ್ನೇ ನೋಡುತ್ತ ಕೂತರು.

ಅಣ್ಣ ಬಂದ ಮೇಲೆ ಎಲ್ಲರನ್ನೂ ಕೂರಿಸಿಕೊಂಡರು.

"ನಾಯಿ ತಪ್ಪು ಮಾಡಿಲ್ಲ," ಎಂದರು. "ಮನೆಗೆ ದಿನಾ ಇನ್ನೊಂದು ಗಂಡು ನಾಯಿ ಬರ್ತಿದೆ. ಅದಕ್ಕೆ ಇವನು ಉತ್ತರ ಕೊಡ್ತಿದಾನೆ."

"ಯಾವ ನಾಯಿ? ಬಾಗಿಲು ಹಾಕಿರುತ್ತಲ್ಲ," ಎಂದ ಅಣ್ಣ.

"ವಾಸನೆಗೆ ಬಾಗಿಲು ಯಾಕೆ?" ಕಾಗದ ಬಿಚ್ಚಿದರು. ಅದರಲ್ಲಿ ಮರ ಹೆರೆದಾಗ ಬೀಳುವ ತೆಳು ಸುರುಳಿಯ ಚೂರೊಂದು, ಒಂದೆರಡು ಬಿಳಿ ಕೂದಲು. ಮ್ಯಾನೇಜರ್ ಇದ್ದಿಲಿನಷ್ಟು ಕಪ್ಪು. "ಒದ್ದೆಯಾದ ವಸ್ತುವನ್ನ ಯಾರೂ ನೋಡಲ್ಲ, ತೊಳೀತಾರೆ. ಅದಕ್ಕೆ ಇದು ಕಣ್ಣಿಗೆ ಬಿದ್ದಿಲ್ಲ. ಆದ್ರೆ ಇನ್ನೊಂದು ಸಾಕ್ಷಿ ದಿನಾ ನಿಮ್ಮ ಕಣ್ಣೆದುರೇ ಇತ್ತು. ಈ ಮನೇಲಿ ಎಲ್ಲರ ಚಪ್ಪಲಿ ನೆಲದ ಮೇಲೆ. ಮ್ಯಾನೇಜರ್ ಯಾವತ್ತೂ ಚಪ್ಪಲಿ ಮುಟ್ಟಿದವನಲ್ಲ. ಇವಳೊಬ್ಬಳು ಮಾತ್ರ ಬಂದ ದಿನದಿಂದ ನಾಯಿ ಬಾಯಿಗೆಟುಕದ ಎತ್ತರದಲ್ಲಿ ಇಡ್ತಾಳೆ. ಯಾಕೆ? ಚಪ್ಪಲಿ ಅಗಿಯೋ ನಾಯಿ ಜೊತೆ ವರ್ಷಗಟ್ಟಲೆ ಬದುಕಿದವರ ಕೈ ಅದು. ನಾಯಿ ಅಂದ್ರೆ ಅಷ್ಟಕ್ಕಷ್ಟೆ ಅನ್ನೋದು ಬಾಯಿ ಹೇಳುತ್ತೆ, ಕೈ ಹೇಳಲ್ಲ."

ಅತ್ತಿಗೆ ತಲೆ ತಗ್ಗಿಸಿದ್ದರು.

"ನಮ್ಮ ಅಂಗಡಿ ಹಿಂದಿನ ಗಲ್ಲಿಯಲ್ಲಿ ಮರಗೆಲಸದವರಿದಾರೆ. ನನ್ನ ನಾಯೀನ ಅಲ್ಲಿ ಬಿಟ್ಟಿದೀನಿ, ತವರಲ್ಲಿ ನೋಡ್ಕೊಳ್ಳೋರಿಲ್ಲ. ಮುದುಕ ಅವನು. ಊಟದ ಹೊತ್ತಲ್ಲಿ ಹೋಗ್ತೀನಿ, ಮಡಿಲಲ್ಲಿ ತಲೆ ಇಟ್ಟು ಮಲಗ್ತಾನೆ. ಎರಡು ಕಣ್ಣೂ ಹೋಗಿದೆ. ದಿನವಿಡೀ ಊರವರ ಕಣ್ಣು ನೋಡ್ತೀನಿ, ಅವನಿಗೆ ಹಾಕೋಕೆ ನನ್ನ ಹತ್ರ ಕನ್ನಡಕ ಇಲ್ಲ."

"ನನಗ್ಯಾಕೆ ಹೇಳ್ಲಿಲ್ಲ?" ಎಂದ ಅಣ್ಣ.

"ಹೇಳೋಕೆ ಬಾಯಿ ತೆಗೆದಿದ್ದೆ. ಮದುವೆ ಮಾತಾದ ದಿನ. ನಮ್ಮನೇಲೂ ಒಬ್ಬ ಇದಾನೆ ಅಂದೆ. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸಲ್ಲ ಅಂತ ನಕ್ಕುಬಿಟ್ರಿ."

"ತಮಾಷೆಗೆ—"

"ನಿಮಗೆ ತಮಾಷೆ. ನಾನು ಆ ಸಂಜೆಯೇ ಅವನನ್ನ ಕರ್ಕೊಂಡು ಹೋಗಿ ಅಲ್ಲಿ ಬಿಟ್ಟು ಬಂದೆ."

ಯಂತ್ರದ ಮೇಲಿದ್ದ ಅಮ್ಮನ ಕೈ ನಿಂತಿತು.

"ಹಾಗಾದ್ರೆ ಅಪರಾಧಿ ಯಾರು ದೊಡ್ಡಮ್ಮ?" ನಾನು ಕೇಳಿದೆ. ಎಲ್ಲರ ಮುಂದೆ ನನ್ನ ವಾಕ್ಯ ಪೂರ್ತಿಯಾಗಿ ಹೊರಬಂದಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ದೊಡ್ಡಮ್ಮ ಅಣ್ಣನನ್ನು ನೋಡಿದರು. "ಇಬ್ಬರು. ಒಬ್ಬನಿಗೆ ಕಣ್ಣು ಕಾಣಲ್ಲ, ಪಾಪ. ಇನ್ನೊಬ್ಬನಿಗೆ ಕಾಣುತ್ತೆ, ನೋಡಲ್ಲ. ಗೋದಾಮಿನವನಿಗೆ ಫೋನ್ ಮಾಡೋ, ಬರೋದು ಬೇಡ ಅನ್ನು."

ಅಣ್ಣ ಫೋನ್ ಹಿಡಿದು ಬಾಲ್ಕನಿಗೆ ಹೋದ. ಬೇಡ, ಕೊಡಲ್ಲ ಎಂದು ಎರಡು ಸಲ ಹೇಳಿದ್ದು ಕೇಳಿಸಿತು. ಕೆಳಗೆ ಮಲಗಿದ್ದವನ ಕಿವಿಯನ್ನು ನಾನು ಮುಟ್ಟಿದೆ. ಅವನಿಗೇನೂ ಗೊತ್ತಿರಲಿಲ್ಲ.

"ಒಂದೇ ದಿನಕ್ಕೆ ನಿಲ್ಲಲ್ಲ," ಎಂದು ದೊಡ್ಡಮ್ಮ ಏಳುತ್ತ ಹೇಳಿದರು. "ಆಪರೇಷನ್ ಮಾಡಿಸಿ. ಇಬ್ಬರನ್ನೂ ಮೊದಲು ಬೀದಿಯಲ್ಲಿ ಭೇಟಿ ಮಾಡಿಸಿ, ಜೊತೆಗೆ ನಡೆಸಿ. ಮನೆ ಮಾತು ಆಮೇಲೆ. ಆ ಫಿನಾಯಿಲ್ ಆಚೆ ಇಡಿ, ವಾಸನೆ ಮೇಲೆ ವಾಸನೆ ಹಾಕಿದ್ರೆ ಅವನು ಅದರ ಮೇಲೂ ಹಾಕ್ತಾನೆ. ಮೊದಲು ಡಾಕ್ಟರನ್ನ ಕೇಳಿ, ಈ ವಾಸನೆ ಕೀಳೋಕೆ ಬೇರೆಯೇ ಔಷಧ ಸಿಗುತ್ತಂತೆ. ನನ್ನನ್ನ ಮೆಟ್ಟಿಲು ಇಳಿಸಿ ಯಾರಾದ್ರೂ."

ಅವರನ್ನು ಕೈಹಿಡಿದು ಇಳಿಸಿ, ಆಟೋ ಹತ್ತಿಸಿ ಬಂದೆ. ಬಾಗಿಲು ತೆರೆದೇ ಇತ್ತು. ಒಳಗೆ ಅತ್ತಿಗೆ ಏನೋ ಹೇಳುತ್ತಿದ್ದರು, "ಕಣ್ಣಿಲ್ದಿದ್ರೂ ಚಪ್ಪಲಿ ಮಾತ್ರ ಹುಡುಕ್ತಾನೆ ಅತ್ತೆ, ಒಂದನ್ನೂ ಬಿಡಲ್ಲ," ಎಂದು. ಅಮ್ಮ ಹೊಸ್ತಿಲ ಬಳಿ ಸೊಂಟ ಹಿಡಿದುಕೊಂಡು ಬಗ್ಗಿ, ನೆಲದ ಮೇಲಿದ್ದ ನಮ್ಮೆಲ್ಲರ ಚಪ್ಪಲಿಗಳನ್ನು, ಅಣ್ಣನ ಬೂಟನ್ನೂ, ಒಂದೊಂದಾಗಿ ಎತ್ತಿ ಸ್ಟ್ಯಾಂಡಿನ ನೆತ್ತಿಯ ಮೇಲಿಡುತ್ತಿದ್ದಳು.

"ನಿಂತು ನೋಡ್ತೀಯಲ್ಲ," ಎಂದಳು. "ನಿನ್ನದೂ ಬಿಚ್ಚಿ ಕೊಡು."